ನೀರು ಕಂಡ ಜಾಗ, ನೀರು ಬಂದ ದಾರಿ

ನೆಲದ ಮೇಲೆ ಒಂದಿಷ್ಟು ನೀರು ಕಂಡರೆ ನಮ್ಮ ಬಾಯಿಂದ ಮೊದಲು ಹೊರಡುವ ಪ್ರಶ್ನೆ ‘ಯಾರು ಚೆಲ್ಲಿದ್ದು?’ ಎಂಬುದು. ‘ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಆಮೇಲೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಎರಡೂ ಕಾರಣವನ್ನೇ ಕೇಳುವಂತೆ ತೋರುತ್ತವೆ. ಆದರೆ ಎಲ್ಲಿಂದ ಬಂತು ಎಂದು ತಿಳಿಯಲು ಬಗ್ಗಿ ನೋಡಬೇಕು, ಮುಟ್ಟಿ ನೋಡಬೇಕು, ಕಾಯಬೇಕು. ಯಾರು ಚೆಲ್ಲಿದ್ದು ಎಂದು ತಿಳಿಯಲು ಸುತ್ತ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಹತ್ತಿರದಲ್ಲಿ ಯಾರಾದರೂ ನಿಂತೇ ಇರುತ್ತಾರೆ. ಹೆಚ್ಚಿನ ಸಲ ಅವರ ಕೈಯಲ್ಲಿ ನೆಲ ಒರೆಸುವ ಬಟ್ಟೆ ಇರುತ್ತದೆ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆಯನ್ನು ನಾವು ನಗುತ್ತ ಹೇಳುತ್ತೇವೆ. ಬರೆ ಹಾಕಿದವನಿಗೆ ಮಾತ್ರ ಆ ಹೊತ್ತಿನಲ್ಲಿ ನಗು ಬಂದಿರುವುದಿಲ್ಲ. ಕಾರಣ ಸಿಕ್ಕಿತೆಂದೇ ಅವನು ನಂಬಿರುತ್ತಾನೆ. ಅಂಥ ನಂಬಿಕೆ ಹುಟ್ಟುವುದು ಹೇಗೆ, ಅದನ್ನು ಪರೀಕ್ಷಿಸುವ ಹೊಣೆ ಯಾರದು ಎಂಬ ಪ್ರಶ್ನೆ ಕಳೆದ ಚಳಿಗಾಲದಲ್ಲಿ ಒಂದು ಸಣ್ಣ ಸೋರಿಕೆಯ ಜೊತೆಗೆ ನನ್ನ ಮುಂದೆ ಬಂತು. ನನ್ನ ಸಂಶೋಧನೆಯ ವಿಷಯ ಪ್ರಮಾಣಶಾಸ್ತ್ರಕ್ಕೆ ಸೇರಿದ್ದು. ಪುಸ್ತಕದಲ್ಲಿ ಓದುತ್ತಿದ್ದುದೇ ಇಲ್ಲಿ ಒಬ್ಬರ ಕೂಲಿಯ ಪ್ರಶ್ನೆಯಾಗಿ ನಿಂತಿತ್ತು.

ಗುಂಡ್ಲುಪೇಟೆಯನ್ನು ಬಲ್ಲವರಿಗೆ ಗೊತ್ತು, ಅದು ದಾರಿ ಕವಲೊಡೆಯುವ ಊರು. ಒಂದು ದಾರಿ ಬಂಡೀಪುರದ ಮೂಲಕ ಊಟಿಗೆ, ಇನ್ನೊಂದು ಮದ್ದೂರು ಚೆಕ್‌ಪೋಸ್ಟ್ ದಾಟಿ ವಯನಾಡಿಗೆ. ಕಾಡಿನೊಳಗೆ ಹಾದುಹೋಗುವ ಈ ಎರಡೂ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ತುರ್ತು ವಾಹನಗಳು, ಬೆರಳೆಣಿಕೆಯ ಬಸ್ಸುಗಳು ಬಿಟ್ಟರೆ ತಡವಾಗಿ ಬಂದವರು ಈಚೆಯೇ ಉಳಿಯಬೇಕು. ಮಳೆಗಾಲದ ಹೊತ್ತಿಗೆ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳನ್ನು ನೋಡಲು ಬರುವವರೂ ಇದ್ದಾರೆ. ಪಕ್ಕದ ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಎಂಬ ಹೆಸರಿನಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಚಾಲನೆ ಕೊಟ್ಟ ಮೇಲೆ, ಗಾಲಿಯ ಮೇಲಿನ ಮನೆ ಎಂಬ ಮಾತು ಈ ಕಡೆಯವರ ಕಿವಿಗೂ ಬಿತ್ತು.

ಚಾಮರಾಜನಗರದಿಂದ ಹೊರಟು ತೆರಕಣಾಂಬಿ ದಾಟಿದ ಮೇಲೆ ರಸ್ತೆ ಬದಿಯಲ್ಲೇ ನನ್ನ ಗೆಳೆಯನ ಹೊಲವಿದೆ. ಅರಿಸಿನ ಮತ್ತು ಸಣ್ಣ ಈರುಳ್ಳಿ ಎರಡೂ ಕೈಕೊಟ್ಟ ವರ್ಷ ಅವನು ಸಾಲ ಮಾಡಿ ಒಂದು ಟ್ರೇಲರ್ ತಂದ. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದು. ಒಳಗೆ ಎರಡು ಮಂಚ, ಪುಟ್ಟ ಗ್ಯಾಸ್ ಒಲೆ, ಒಂದು ಸಿಂಕು, ಬಚ್ಚಲು. ಹೊಲದ ಅಂಚಿನಲ್ಲಿ ಹುಣಸೆಮರದ ಕೆಳಗೆ ನಿಲ್ಲಿಸಿ, ರಾತ್ರಿ ತಂಗುವವರಿಗೆ ಬಾಡಿಗೆಗೆ ಕೊಡುತ್ತಿದ್ದ. ಸ್ವಚ್ಛ ಮಾಡಲು ಹತ್ತಿರದ ಊರಿನ ಒಬ್ಬ ಅಕ್ಕ ಬರುತ್ತಿದ್ದರು. ತಂಗಿದವರು ಹೊರಟ ಮೇಲೆ ಹೊದಿಕೆ ಬದಲಿಸಿ, ನೆಲ ಒರೆಸಿ, ಬಚ್ಚಲು ತೊಳೆದು ಹೋಗುವುದು ಅವರ ಕೆಲಸ.

ಮೇ ತಿಂಗಳ ಗುಡುಗು ಮಳೆಯಲ್ಲಿ ಮೊದಲ ಸಲ ಹಿಂದಿನ ಮೂಲೆಯಲ್ಲಿ ನೀರು ನಿಂತಿತು. ಚಾವಣಿಯ ಗಾಳಿಕಿಂಡಿಯ ಸುತ್ತ ಬಿರುಕು ಬಿಟ್ಟಿತ್ತು. ಗೆಳೆಯ ಕಿಂಡಿಯನ್ನು ಮುಚ್ಚಿ ಸುತ್ತಲೂ ಸಿಲಿಕಾನ್ ಮೆತ್ತಿದ. ನೀರು ನಿಂತಿತು. ಮುಂದಿನ ಮಳೆಗಳಿಗೂ ಏನೂ ಆಗಲಿಲ್ಲ. ಡಿಸೆಂಬರಿನಲ್ಲಿ, ಮಳೆಯ ಸುಳಿವೇ ಇಲ್ಲದ ದಿನಗಳಲ್ಲಿ, ಅದೇ ಮೂಲೆಯಲ್ಲಿ ಮತ್ತೆ ನೀರು. ಒಂದೊಂದು ದಿನ ಲೋಟದಷ್ಟು. ಮಂಚದ ಕೆಳಗಿನ ಪ್ಲೈವುಡ್ ಉಬ್ಬಿತು, ಹಾಸಿಗೆಗೆ ಬೂಸ್ಟು ಹಿಡಿಯಿತು. ಮಳೆ ಇಲ್ಲ, ಚಾವಣಿ ಭದ್ರವಾಗಿದೆ, ನಲ್ಲಿಗಳು ಒಣಗಿವೆ. ಇನ್ನು ಉಳಿದದ್ದು ಒಂದೇ ಎಂದು ಗೆಳೆಯ ತೀರ್ಮಾನಿಸಿದ. ನೆಲಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದು, ಸರಿಯಾಗಿ ಹಿಂಡದೆ ಒರೆಸುತ್ತಿದ್ದಾರೆ, ಅದೇ ಸಂದಿಯಲ್ಲಿ ಇಳಿದು ಮೂಲೆಗೆ ಸೇರುತ್ತಿದೆ. ಹಾಸಿಗೆಯ ಲೆಕ್ಕಕ್ಕೆಂದು ಅಕ್ಕನ ಸಂಬಳದಲ್ಲಿ 600 ರೂಪಾಯಿ ಮುರಿದುಕೊಂಡ. ‘ಇನ್ನೊಂದ್ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕತೀನಿ’ ಎಂದ.

ನಾನು ಅಲ್ಲಿಗೆ ಹೋದ ದಿನ ಅಕ್ಕ ಹೊದಿಕೆ ಒಣಗಹಾಕುತ್ತಿದ್ದರು. ಏನಾಯಿತು ಎಂದು ಕೇಳಿದ್ದಕ್ಕೆ ಅವರು ಜಗಳದ ದನಿಯಲ್ಲಿ ಹೇಳಲಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳಿದರು: ‘ನಾ ಬರದ್ಕಿಂತ ಮುಂಚೇನೆ ನೀರಿರ್ತದೆ ಕನಪ್ಪ. ಜನ ಮನಗಿದ್ ದಿನ ಮಾತ್ರ. ಗೋಡೆ ಬೆವುರ್ತದೆ.’ ಈ ಮಾತನ್ನು ಗೆಳೆಯನಿಗೂ ಎರಡು ಸಲ ಹೇಳಿದ್ದರಂತೆ. ‘ಗೋಡೆ ಎಲ್ಲಾದ್ರೂ ಬೆವರ್ತದಾ?’ ಎಂದು ಅವನು ನಕ್ಕಿದ್ದ.

ಇಂಥ ವಾಹನದ ಸೋರಿಕೆ ಹುಡುಕುವುದು ಮನೆಯ ಸೋರಿಕೆ ಹುಡುಕಿದಷ್ಟು ಸುಲಭವಲ್ಲ. ಹೊರಗೆ ಅಲ್ಯೂಮಿನಿಯಂ ತಗಡು, ಒಳಗೆ ತೆಳು ಪ್ಲೈವುಡ್, ನಡುವೆ ಕಬ್ಬಿಣದ ಚೌಕಟ್ಟು. ನೀರು ಒಳಹೊಕ್ಕ ಮೇಲೆ ಆ ಚೌಕಟ್ಟನ್ನೇ ಕಾಲುವೆ ಮಾಡಿಕೊಂಡು ಹತ್ತಡಿ ಹರಿದು, ಎಲ್ಲಿ ಸಂದಿ ಸಿಗುತ್ತದೋ ಅಲ್ಲಿ ಮುಖ ತೋರಿಸುತ್ತದೆ. ಟ್ರೇಲರ್ ಯಾವ ಕಡೆಗೆ ವಾಲಿ ನಿಂತಿದೆಯೋ ಆ ಮೂಲೆಯಲ್ಲೇ ಎಲ್ಲ ನೀರೂ ಕೂಡುತ್ತದೆ. ಹುಣಸೆಮರದ ಕೆಳಗಿನ ಮಣ್ಣು ಮಳೆಗೆ ಕುಸಿದು ಹಿಂದಿನ ಎಡಮೂಲೆ ಎರಡು ಬೆರಳಷ್ಟು ತಗ್ಗಿತ್ತು. ಆದ್ದರಿಂದ ನೀರು ಕಂಡ ಜಾಗ ನೆಲದ ಇಳಿಜಾರನ್ನು ತಿಳಿಸುತ್ತಿತ್ತೇ ಹೊರತು ನೀರಿನ ಮೂಲವನ್ನಲ್ಲ.

ಇಬ್ಬರೂ ಸೇರಿ ಹುಡುಕಲು ಕೂತೆವು. ಮೊದಲು ಕೊಳಾಯಿ. ಟ್ಯಾಂಕ್ ತುಂಬಿಸಿ, ಪಂಪ್ ಚಾಲೂ ಇಟ್ಟು, ನಲ್ಲಿಗಳನ್ನೆಲ್ಲ ಮುಚ್ಚಿ ಕಿವಿಗೊಟ್ಟು ಕೂತೆವು. ಪೈಪು ಎಲ್ಲಾದರೂ ಸೋರುತ್ತಿದ್ದರೆ ಒಳಗಿನ ಒತ್ತಡ ಇಳಿದು ಪಂಪ್ ತಾನಾಗಿಯೇ ಆಗಾಗ ಗುರ್ ಎನ್ನಬೇಕು. ಒಮ್ಮೆಯೂ ಅನ್ನಲಿಲ್ಲ. ಸಿಂಕಿಗೂ ಬಚ್ಚಲಿಗೂ ಬಟ್ಟೆಗೆ ಹಾಕುವ ನೀಲಿ ಕದಡಿದ ನೀರು ಬಿಟ್ಟೆವು. ನೀಲಿ ಹೊರಗಿನ ಪೈಪಿನಲ್ಲಿ ಮಾತ್ರ ಕಂಡಿತು. ಆಮೇಲೆ ಹೊರಮೈ. ಇಲ್ಲಿ ಒಂದು ಕ್ರಮವಿದೆ: ನೀರನ್ನು ಕೆಳಗಿನಿಂದ ಮೇಲಕ್ಕೆ ಹಿಡಿಯುತ್ತ ಹೋಗಬೇಕು. ಮೊದಲು ಗಾಲಿಯ ಮಟ್ಟ, ಆಮೇಲೆ ಕಿಟಕಿಯ ಕೆಳಗಿನ ಅಂಚು, ಆಮೇಲೆ ಮೇಲಿನ ಅಂಚು, ಕೊನೆಗೆ ಚಾವಣಿ. ಪ್ರತಿ ಹಂತದಲ್ಲೂ ಕಾಲುಗಂಟೆ ಕಾಯಬೇಕು. ಮೇಲಿನಿಂದ ಸುರಿದುಬಿಟ್ಟರೆ ಎಲ್ಲ ಸಂದಿಗಳೂ ಒಟ್ಟಿಗೆ ನೆನೆದು, ಒಳಗೆ ನೀರು ಬಂದರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ಅರ್ಧ ದಿನ ನೀಲಿ ನೀರು ಹಿಡಿದೆವು. ಒಳಗೆ ಒಂದು ಹನಿಯೂ ಬರಲಿಲ್ಲ. ಆ ರಾತ್ರಿ ಟ್ರೇಲರಿಗೆ ಬೀಗ ಹಾಕಿ ಬಂದೆವು. ಬೆಳಿಗ್ಗೆ ನೆಲ ಒಣಗಿತ್ತು.

ಗೆಳೆಯನ ಮುಖ ಅರಳಿತು. ‘ನೋಡು, ಒರೆಸೋರು ಬರ್ಲಿಲ್ಲ, ನೀರೂ ಬರ್ಲಿಲ್ಲ. ಇನ್ನೇನು ಬೇಕು?’

ಅವನ ತರ್ಕ ದಡ್ಡತನದ್ದಾಗಿರಲಿಲ್ಲ. ಅಕ್ಕ ಒರೆಸಿದ ದಿನಗಳಲ್ಲೆಲ್ಲ ನೀರಿತ್ತು. ಒರೆಸದ ದಿನ ಇರಲಿಲ್ಲ. ಒಂದಿದ್ದಾಗ ಇನ್ನೊಂದು ಇರುವುದು, ಒಂದಿಲ್ಲದಾಗ ಇನ್ನೊಂದು ಇಲ್ಲದಿರುವುದು. ಇದನ್ನೇ ನಮ್ಮ ತಾರ್ಕಿಕರು ಅನ್ವಯ–ವ್ಯತಿರೇಕ ಎಂದರು. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿ ಕಾರಣ ಹುಡುಕುವ ಕ್ರಮಗಳೆಂದು ವಿವರಿಸಿದ್ದರಲ್ಲೂ ಇದರ ಹೋಲಿಕೆಯಿದೆ. ಹಾಗಿದ್ದೂ ಅದು ತಪ್ಪು ದಾರಿ ಹಿಡಿಯುವುದು ಎಲ್ಲಿ? ತರ್ಕಸಂಗ್ರಹ ಓದಿದ ವಿದ್ಯಾರ್ಥಿಗಳಿಗೆ ಒಂದು ಹಳೆಯ ಉದಾಹರಣೆ ನೆನಪಿರುತ್ತದೆ. ಹೊಗೆ ಇದ್ದಲ್ಲಿ ಬೆಂಕಿ ಇದೆ ಎನ್ನಬಹುದು, ಬೆಂಕಿ ಇದ್ದಲ್ಲೆಲ್ಲ ಹೊಗೆ ಇದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯ ಜೊತೆ ಹೊಗೆ ಬರಬೇಕಾದರೆ ಸೌದೆ ಹಸಿಯಾಗಿರಬೇಕು. ಕಣ್ಣಿಗೆ ಬೀಳದೆ ಜೊತೆಗೇ ಇದ್ದು ಕೆಲಸ ಮಾಡುವ ಇಂಥ ಸಂಗತಿಯನ್ನು ಅವರು ‘ಉಪಾಧಿ’ ಎಂದು ಕರೆದರು. ಹಸಿ ಸೌದೆಯನ್ನು ಮರೆತು ಬೆಂಕಿಯನ್ನಷ್ಟೇ ನೋಡಿದವನ ಅನುಮಾನ ಕೆಡುತ್ತದೆ.

ಗೆಳೆಯನ ಲೆಕ್ಕದಲ್ಲಿ ಮರೆತುಹೋದ ಹಸಿ ಸೌದೆ ಯಾವುದು? ತಂಗಲು ಬಂದ ಜನ. ಜನ ಬಂದರೆ ತಾನೇ ಅಕ್ಕ ಒರೆಸಲು ಬರುವುದು. ಬೀಗ ಹಾಕಿದ ರಾತ್ರಿ ಅಕ್ಕನೂ ಇರಲಿಲ್ಲ, ಜನರೂ ಇರಲಿಲ್ಲ. ಎರಡನ್ನೂ ಒಟ್ಟಿಗೆ ತೆಗೆದರೆ ಯಾವುದರ ಅಭಾವದಿಂದ ನೀರು ನಿಂತಿತು ಎಂದು ಹೇಳುವುದು ಹೇಗೆ? ಒಂದನ್ನು ಇಟ್ಟು ಇನ್ನೊಂದನ್ನು ತೆಗೆಯಬೇಕಿತ್ತು.

ಮಾರನೆಯ ರಾತ್ರಿ ನಾವಿಬ್ಬರೂ ಅಲ್ಲೇ ಮಲಗಿದೆವು. ತಂಗುವವರು ಮಾಡುವ ಹಾಗೇ ಮಾಡಿದೆವು. ಅನ್ನಕ್ಕಿಟ್ಟು, ಸಾರು ಕುದಿಸಿ, ಚಳಿಗೂ ಸೊಳ್ಳೆಗೂ ಹೆದರಿ ಕಿಟಕಿಗಳನ್ನೆಲ್ಲ ಹಾಕಿಕೊಂಡೆವು. ನೆಲಕ್ಕೆ ನೀರು ತಾಗಿಸಲಿಲ್ಲ. ಮಲಗುವ ಮುನ್ನ ಗೋಡೆಯ ಬುಡದಲ್ಲಿ ಅಲ್ಲಲ್ಲಿ ರಂಗೋಲಿ ಪುಡಿಯ ಗೆರೆ ಎಳೆದೆವು. ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಾಕಿ ನೋಡಿದರೆ ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟಿನ ತುಂಬ ಹನಿ. ಮಂಚದ ಹಿಂದಿನ ಪ್ಲೈವುಡ್ಡನ್ನು ಒಂದು ಕಡೆ ಬಿಚ್ಚಿದರೆ ಒಳಗಿನ ಕಬ್ಬಿಣದ ಮೇಲೂ ಸಾಲು ಸಾಲು ಹನಿ. ಹನಿಗಳು ಕೂಡಿ, ಬುಡಕ್ಕಿಳಿದು, ರಂಗೋಲಿ ಗೆರೆಗಳನ್ನು ಒಂದಾದ ಮೇಲೊಂದು ಕದಡಿ, ತಗ್ಗಿದ ಮೂಲೆಗೆ ಹರಿದಿದ್ದವು. ಅಕ್ಕ ಹೇಳಿದಂತೆ ಗೋಡೆ ಬೆವರಿತ್ತು.

ನೀರು ಬಂದದ್ದು ನಮ್ಮಿಂದ. ಮಲಗಿದ ಒಬ್ಬ ಮನುಷ್ಯ ಒಂದು ರಾತ್ರಿಯಲ್ಲಿ ಉಸಿರಿನಿಂದಲೂ ಚರ್ಮದಿಂದಲೂ ಲೋಟದಷ್ಟು ನೀರನ್ನು ಗಾಳಿಗೆ ಬಿಡುತ್ತಾನೆ. ಅಡುಗೆಯ ಹಬೆ ಕಣ್ಣಿಗೆ ಕಾಣುತ್ತದೆ, ಆದರೆ ಗ್ಯಾಸಿನ ಉರಿಯಿಂದಲೇ ಹುಟ್ಟುವ ನೀರು ಕಾಣುವುದಿಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು ಒಂದೂವರೆ ಕಿಲೋ ನೀರಾವಿ ಹೊರಡುತ್ತದೆ. ಅನಿಲದಲ್ಲಿರುವ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ಆಗುವ ನೀರು ಅದು. ಮುಚ್ಚಿದ ಪುಟ್ಟ ಕೋಣೆಯಲ್ಲಿ ಅಷ್ಟೂ ತೇವ ಹೋಗಲು ದಾರಿ ಕಾಣದೆ, ಹೊರಗಿನ ಚಳಿಗೆ ತಣ್ಣಗಾದ ಲೋಹದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಮೊದಲು ಅದಕ್ಕೊಂದು ದಾರಿಯಿತ್ತು, ಚಾವಣಿಯ ಗಾಳಿಕಿಂಡಿ. ಮೇ ತಿಂಗಳಲ್ಲಿ ಅದನ್ನು ಮುಚ್ಚಿದವನು ಗೆಳೆಯನೇ. ಒಂದು ಸೋರಿಕೆಗೆ ಮಾಡಿದ ಮದ್ದು ಇನ್ನೊಂದಕ್ಕೆ ಕಾರಣವಾಗಿತ್ತು. ಮೂಲೆ ಒಂದೇ ಆದ್ದರಿಂದ ಎರಡು ಬೇರೆ ನೀರುಗಳು ಒಂದೇ ನೀರಿನಂತೆ ಕಂಡಿದ್ದವು. ಆ ದಿನವೇ ಸಿಲಿಕಾನ್ ಕಿತ್ತು, ಬಿರುಕನ್ನಷ್ಟೇ ಸರಿಮಾಡಿ ಕಿಂಡಿ ತೆರೆದ. ತಗ್ಗಿದ ಮೂಲೆಗೆ ಕಲ್ಲು ಕೊಟ್ಟು ಮಟ್ಟ ಮಾಡಿದ. ಮರುರಾತ್ರಿ ಮತ್ತೆ ಅಲ್ಲೇ ಅಡುಗೆ ಮಾಡಿ ಮಲಗಿದೆವು. ಕಿಟಕಿಯ ಗಾಜು ಸ್ವಲ್ಪ ಮಬ್ಬಾಗಿತ್ತು, ಅಷ್ಟೆ.

ಸೋರಿಕೆಯ ಕತೆ ಇಷ್ಟೇ ಆಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ನನ್ನನ್ನು ಕಾಡಿದ್ದು ನಾಲ್ಕು ದಿನದ ಪರೀಕ್ಷೆಯ ಕೊನೆಗೆ ನಮಗೆ ಸಿಕ್ಕಿದ್ದು, ಮೊದಲೇ ಒಬ್ಬರು ಹೇಳಿದ್ದ ಮಾತು ಎಂಬುದು. ನೀರು ತಾನು ಬರುವ ಮುಂಚೆಯೇ ಇರುತ್ತದೆ, ಜನ ಮಲಗಿದ ದಿನ ಮಾತ್ರ ಬರುತ್ತದೆ, ಗೋಡೆಯಿಂದ ಬರುತ್ತದೆ. ಈ ಮೂರು ಮಾತುಗಳಲ್ಲಿ ಕಾಲವಿದೆ, ಸಂದರ್ಭವಿದೆ, ಜಾಗವಿದೆ. ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಯಾವುದು? ಆ ಮೂಲೆಯನ್ನು ಅವರಷ್ಟು ಸಲ, ಅಷ್ಟು ಹತ್ತಿರದಿಂದ, ಮಂಡಿಯೂರಿ ನೋಡಿದವರು ಬೇರೆ ಯಾರೂ ಇರಲಿಲ್ಲ. ಆದರೆ ಆರೋಪ ಹೊತ್ತವರು ಆಡಿದ ಮಾತು ನಮ್ಮ ಕಿವಿಗೆ ಸಾಕ್ಷ್ಯವಾಗಿ ಬೀಳುವುದಿಲ್ಲ, ಸಬೂಬಾಗಿ ಬೀಳುತ್ತದೆ. ಆ ಮಾತನ್ನೇ ಮೈಸೂರಿನಿಂದ ಬಂದ ಮೆಕ್ಯಾನಿಕ್ ಹೇಳಿದ್ದರೆ ಗೆಳೆಯ ನಗುತ್ತಿರಲಿಲ್ಲ.

ಇಂಗ್ಲಿಷ್ ತತ್ತ್ವಜ್ಞೆ ಮಿರಾಂಡ ಫ್ರಿಕರ್ 2007ರ ತಮ್ಮ ಪುಸ್ತಕದಲ್ಲಿ ಇದಕ್ಕೊಂದು ಹೆಸರು ಕೊಟ್ಟರು. ಕೇಳುವವರ ಪೂರ್ವಗ್ರಹದಿಂದಾಗಿ ಹೇಳುವವರ ಮಾತಿಗೆ ಸಿಗಬೇಕಾದ ಬೆಲೆ ಸಿಗದಿರುವುದೂ ಒಂದು ಅನ್ಯಾಯವೇ, ತಿಳಿವಳಿಕೆಗೆ ಸಂಬಂಧಿಸಿದ ಅನ್ಯಾಯ ಎಂದರು. ಆದರೆ ಇದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ನ್ಯಾಯಸೂತ್ರಕ್ಕೆ ಭಾಷ್ಯ ಬರೆದ ವಾತ್ಸ್ಯಾಯನ, ಯಾರ ಮಾತು ಪ್ರಮಾಣ ಎಂಬ ಪ್ರಶ್ನೆಗೆ ಉತ್ತರಿಸುತ್ತ, ವಿಷಯವನ್ನು ನೇರವಾಗಿ ಕಂಡು, ಕಂಡದ್ದನ್ನು ಕಂಡಂತೆ ತಿಳಿಸಬಯಸುವವರೇ ಆಪ್ತರು ಎನ್ನುತ್ತಾನೆ. ಮುಂದುವರಿದು, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸುತ್ತಾನೆ. ಹುಟ್ಟು, ಅಂತಸ್ತು ನೋಡಿ ಮಾತಿನ ಬೆಲೆ ಕಟ್ಟುತ್ತಿದ್ದ ಸಮಾಜದೊಳಗೇ ಕೂತು ಒಬ್ಬ ತಾರ್ಕಿಕ ಬರೆದ ಮಾತಿದು. ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡುವುದು ಸುಲಭ. ಹೊದಿಕೆ ಒಣಗಹಾಕುತ್ತಿರುವವರ ಮಾತಿಗೆ ಅನ್ವಯಿಸುವುದು ಕಷ್ಟ.

ಗೆಳೆಯ ಒಂದು ಮಾತು ಕೇಳಿದ. ಅದನ್ನು ತಳ್ಳಿಹಾಕುವಂತಿಲ್ಲ. ‘ನಿಂಗೆ ಫೆಲೋಶಿಪ್ ಬರ್ತದೆ, ನಾಲ್ಕು ದಿನ ರಂಗೋಲಿ ಹಾಕ್ಕೊಂಡು ಕೂರ್ತೀಯ. ನಾನು ಕಂತು ಕಟ್ಬೇಕು. ಪ್ರತಿಯೊಂದಕ್ಕೂ ಹಿಂಗೆ ಹುಡುಕ್ತಾ ಕೂತ್ರೆ ಬದುಕು ನಡೀತದಾ?’

ನಡೆಯುವುದಿಲ್ಲ. ಎಲ್ಲದರ ಕಾರಣ ಹುಡುಕುವ ಪುರಸೊತ್ತು ಯಾರಿಗೂ ಇಲ್ಲ, ಬೇಕಾಗಿಯೂ ಇಲ್ಲ. ಆ ಹೊಲದಿಂದ ಮುಂದೆ ಸಾಗಿ ಹಂಗಳದಲ್ಲಿ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1454 ಮೀಟರ್ ಎತ್ತರ, ವರ್ಷದ ಬಹುಪಾಲು ಮಂಜು ಕವಿದ ಜಾಗ. ಅಲ್ಲಿನ ಗುಡಿಯ ಗರ್ಭಗೃಹದ ಬಾಗಿಲ ಮೇಲಿಂದ ಎಲ್ಲ ಕಾಲದಲ್ಲೂ ನೀರು ಜಿನುಗುತ್ತದೆ ಎಂದು ಭಕ್ತರು ನಂಬುತ್ತಾರೆ. ಅರ್ಚಕರು ಅದನ್ನೇ ತೀರ್ಥವಾಗಿ ಪ್ರೋಕ್ಷಿಸುತ್ತಾರೆ. ಅದು ಕಲ್ಲಿನೊಳಗಿಂದ ಒಸರುವ ನೀರೋ, ತಣ್ಣನೆಯ ಕಲ್ಲಿನ ಮೇಲೆ ಕೂತ ಮಂಜೋ ಎಂದು ತಿಳಿಯುವ ಕುತೂಹಲ ಇರುವವರಿಗೆ ಇರಲಿ. ಇಲ್ಲದವರನ್ನು ಯಾರೂ ದೂರಬೇಕಿಲ್ಲ. ಆ ನೀರಿನ ಮೂಲ ತಿಳಿಯದ್ದರಿಂದ ಯಾರ ಕೂಲಿಯೂ ಕಡಿತವಾಗುವುದಿಲ್ಲ. ಟ್ರೇಲರಿನ ನೀರಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಗೆಳೆಯ ಹಾಸಿಗೆಯ ನಷ್ಟವನ್ನು ತಾನೇ ನುಂಗಿಕೊಂಡು ಸುಮ್ಮನಿದ್ದಿದ್ದರೆ ಕಾರಣ ಹುಡುಕುವುದು, ಬಿಡುವುದು ಅವನ ಇಷ್ಟ. ಇನ್ನೊಬ್ಬರತ್ತ ಬೆರಳು ತೋರಿಸಿದ ಕ್ಷಣ ಅದು ಇಷ್ಟದ ಮಾತಾಗಿ ಉಳಿಯಲಿಲ್ಲ, ಸಾಲವಾಯಿತು. ದೂರಬೇಕಾದರೆ ಹುಡುಕಬೇಕು. ಹುಡುಕಲು ಪುರಸೊತ್ತಿಲ್ಲದಿದ್ದರೆ ದೂರುವ ಹಕ್ಕೂ ಇಲ್ಲ. ಇದರಿಂದ ಬದುಕು ನಿಂತುಹೋಗುವುದಿಲ್ಲ, ಬರೆ ಹಾಕುವ ಕೈ ಒಂದಿಷ್ಟು ತಡೆಯುತ್ತದೆ.

ಗೆಳೆಯ ಕೆಟ್ಟವನಲ್ಲ. ಆ ವಾರವೇ 600 ರೂಪಾಯಿ ಹಿಂತಿರುಗಿಸಿದ, ‘ತಪ್ಪಾಯ್ತು ಕನಕ್ಕ’ ಎಂದೂ ಹೇಳಿದ. ಅಕ್ಕ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು, ‘ಇದು ಸರಿ ಬುದ್ಧಿ. ಟೀ ಅಂಗಡೀಲಿ ಹೇಳಿದ್ರಲ್ಲ, ಅದುನ್ನ ಏನ್ ಮಾಡದು?’ ಎಂದು ಕೇಳಿದರು. ನೀರು ಚೆಲ್ಲಿ ಹಾಸಿಗೆ ಹಾಳು ಮಾಡಿದರೆಂಬ ಮಾತನ್ನು ಅವನು ಬೇಸರದಲ್ಲಿ ಟೀ ಅಂಗಡಿಯಲ್ಲಿ ಆಡಿದ್ದ. ಅದು ಅಲ್ಲಿಂದ ಊರಿಗೆ ಹೋಗಿ, ಅಕ್ಕ ಮದುವೆ ಮನೆಗಳಲ್ಲಿ ಪಾತ್ರೆ ತೊಳೆಯಲು ಹೋಗುತ್ತಿದ್ದ ಗುಂಪಿನವರ ಕಿವಿಗೂ ಬಿದ್ದಿತ್ತು. ಆ ಸಲದ ಎರಡು ಮದುವೆಗಳಿಗೆ ಅವರನ್ನು ಕರೆದಿರಲಿಲ್ಲ.

ಅವನು ಅದೇ ಅಂಗಡಿಗೆ ಹೋಗಿ ಹೇಳಿದ. ನಾನೂ ಜೊತೆಗಿದ್ದೆ. ಉಸಿರು, ಗ್ಯಾಸು, ಗಾಳಿಕಿಂಡಿ ಎಂದು ಅವನು ವಿವರಿಸುತ್ತಿದ್ದರೆ ಕೇಳುತ್ತಿದ್ದವರ ಗಮನ ಅರ್ಧದಲ್ಲೇ ಬೇರೆಡೆ ಹೋಯಿತು. ಹೆಂಗಸೊಬ್ಬಳು ನೀರು ಚೆಲ್ಲಿದಳು ಎಂಬ ಮಾತು ಮೂರು ಪದಗಳಲ್ಲಿ ಮುಗಿಯುತ್ತದೆ. ಚೆಲ್ಲಲಿಲ್ಲ ಎಂಬುದನ್ನು ಹೇಳಲು ಒಂದು ಲೋಟ ಟೀ ಮುಗಿದರೂ ಸಾಲದು. ಒಬ್ಬರು, ‘ಏನೋ, ಒಟ್ನಲ್ಲಿ ನೀರು ನಿಂತ್ತಲ್ಲ ಬುಡು’ ಎಂದರು. ಗೆಳೆಯ ಬಿಡಲಿಲ್ಲ. ಇನ್ನೊಂದು ಟೀ ಹೇಳಿ ಮೊದಲಿನಿಂದ ಶುರುಮಾಡಿದ.